ಆಯಿಯ ಹೆಸರು

ಪಾಟಿ ತೂರಿಬಂದು ಚಂದವ್ವನ ಹುಬ್ಬಿಗೆ ಬಡಿಯಿತು. ರಕ್ತ ಬಳಬಳ ಸುರಿಯಿತು.

ಎಸೆದವಳು ಅಕ್ಕ ರೇವವ್ವ. ತಾಂಬಾ ಊರಿನ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಪಾಟಿಯ ಮೇಲೆ ಅವಳು ಬರೆದಿದ್ದ ಲೆಕ್ಕವನ್ನು ಐದು ವರ್ಷದ ತಂಗಿ ಲಂಗದಿಂದ ಒರೆಸಿಬಿಟ್ಟಿದ್ದಳು. ಅಷ್ಟೇ ತಪ್ಪು.

ಅವ್ವ ಒಲೆ ಬಿಟ್ಟು ಓಡಿಬಂದಳು. ಗಾಯಕ್ಕೆ ಅರಿಷಿಣ ಒತ್ತಿ ಹಳೆಯ ಧೋತರದ ಚೂರು ಕಟ್ಟಿದಳು. ರೇವವ್ವನಿಗೆ ಒಂದು ಮಾತೂ ಅನ್ನಲಿಲ್ಲ.

ಅನ್ನುವ ಹಾಗೂ ಇರಲಿಲ್ಲ. ರೇವವ್ವನಿಗೆ ಇಟ್ಟದ್ದು ಸತ್ತುಹೋದ ಆಯಿಯ, ಅಂದರೆ ಅಪ್ಪನ ತಾಯಿಯ ಹೆಸರು. ಹಿರಿಯರ ಹೆಸರಿಟ್ಟ ಕೂಸನ್ನು ಆ ಮನೆಯಲ್ಲಿ ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಅಪ್ಪ ಅವಳನ್ನು ‘ಯವ್ವಾ’ ಎನ್ನುತ್ತಿದ್ದ. ಅವ್ವ ಹೆತ್ತ ಮಗಳನ್ನೇ ‘ಅತ್ತಿ’ ಎನ್ನುತ್ತಿದ್ದಳು. ಹೀಗಾದರೆ ಹುಡುಗಿ ತಲೆಯ ಮೇಲೆ ಕೂರದೆ ಇನ್ನೆಲ್ಲಿ ಕೂತಾಳು!

ಹೊಲದಿಂದ ಬಂದ ಅಪ್ಪ ಸಂಗಣ್ಣ ಚಂದವ್ವನ ಹಣೆಯ ಕಟ್ಟು ನೋಡಿ ನಕ್ಕುಬಿಟ್ಟ. “ಥೇಟ್ ನಮ್ಮವ್ವನ ಸಿಟ್ಟು! ಹುಟ್ಟುತ್ಲೇ ತಂದಾಳ. ಏನ್ ಮಾಡಾಕ ಬರ್ತೈತಿ?”

ಟಿಂಚರ್ ಬಾಟ್ಲಿ ಹಿಡಿದು ಬಂದಿದ್ದ ಪಕ್ಕದ ಮನೆಯ ಮುದುಕಿ ಜನ್ನತಬಿಗೆ ತಡೆಯಲಾಗಲಿಲ್ಲ. “ಹುಟ್ಟುತ್ಲೇ ತಂದಾಳೋ, ನೀವು ಬೆಳಿಸೀರೋ, ಯಾರ್ ನೋಡ್ಯಾರ ಸಂಗಣ್ಣಾ? ಇಷ್ಟ್ ವರ್ಷದಾಗ ಒಮ್ಮೆರೆ ‘ಬ್ಯಾಡ’ ಅಂದೀರೇನು?”

ಅಪ್ಪ ಮುಖ ತಿರುಗಿಸಿ ದನದ ಕಡೆ ನಡೆದ.

ಜನ್ನತಬಿಯ ಮಾತು ರೇವವ್ವನ ಕಿವಿಗೂ ಬಿತ್ತು. ಅವಳು ಒಲೆಯ ಹತ್ತಿರ ಕೂತಳು.

“ಯವ್ವಾ, ಆಯಿ ಹೆಂಗಿದ್ಳು?”

“ಸತ್ತವ್ರ ಮಾತ್ಯಾಕ? ಊಟಾ ಮಾಡು,” ಅಂದಳು ಅವ್ವ, ರೊಟ್ಟಿ ಬಡಿಯುತ್ತಲೇ. ಅವಳ ಮುಂಗೈ ಮೇಲೆ ಸುಟ್ಟ ಕಲೆಯಿತ್ತು. ಆಯಿ ಇಕ್ಕಳ ಕಾಯಿಸಿ ಇಟ್ಟ ಬರೆ ಅದು ಎಂದು ಓಣಿಗೆಲ್ಲ ಗೊತ್ತು.

ಅವ್ವನ ಗಲ್ಲಕ್ಕೆ ಹಿಟ್ಟು ಹತ್ತಿತ್ತು. ಒರೆಸಬೇಕೆಂದು ರೇವವ್ವ ಕೈ ಎತ್ತಿದಳು.

ಅವ್ವ ಗಕ್ಕನೆ ಹಿಂದೆ ಸರಿದಳು. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು.

ಹೊಡೆಯುತ್ತಾಳೆ ಎಂದುಕೊಂಡಿದ್ದಳು, ಅವ್ವ!

ರೇವವ್ವ ಎತ್ತಿದ ಕೈ ಕೆಳಗಿಳಿಸಿದಳು. “ಯವ್ವಾ, ನನಗ ಬೈ. ಒಮ್ಮೆರೆ ಬೈ,” ಎಂದು ಅತ್ತಳು.

ಅವ್ವ ಬಾಯಿ ತೆರೆದಳು. ಇಷ್ಟು ವರ್ಷ ಆಡದ ಮಾತು ಈಗ ಬರಲಿಲ್ಲ.

ಮೂಲೆಯಲ್ಲಿ ಮಲಗಿದ್ದ ಚಂದವ್ವನ ಕಡೆ ರೇವವ್ವ ಎದ್ದು ನಡೆದಳು. ಹೆಜ್ಜೆ ಸಪ್ಪಳಕ್ಕೆ ಆ ಕೂಸು ಗೋಡೆಗೆ ಒತ್ತಿಕೊಂಡಿತು. ರೇವವ್ವ ನಿಂತಳು. ನಾಲ್ಕು ಹೆಜ್ಜೆ ಹಿಂದೆ ಸರಿದು, ತಂಗಿಗೆ ಅಂಜಿಕೆಯಾಗದಷ್ಟು ದೂರದಲ್ಲಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.