ಮಾವನ ದನಿ

ಬಂಗುಡೆಯ ಮುಳ್ಳು ಬಿಡಿಸುತ್ತ, ನಾಳೆ ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಮಾವ ಹೇಳಿಬಿಟ್ಟರು: "ಇನ್ನು ಚಾನೆಲ್ ವಿಜೇತಾ ನೋಡಿಕೊಳ್ತಾಳೆ ಮಾರಾಯ. ನಿನಗೆ ಅಂಗಡಿ ಕೆಲಸವೇ ಬೇಕಾದಷ್ಟು ಉಂಟಲ್ಲ."

ಕಮಲೇಶ ತುತ್ತು ನುಂಗಿದ. ಎದುರಿಗೆ ಕುಳಿತಿದ್ದ ವಿಜೇತಾ, ಈ ಸೋದರಮಾವನ ಒಬ್ಬಳೇ ಮಗಳು, ತಟ್ಟೆಯಿಂದ ತಲೆ ಎತ್ತದೆ ಸೇರಿಸಿದಳು: "ಹೆಸರೂ ಬದಲಾಯಿಸ್ತೇನೆ ಭಾವ. 'ಅಪ್ಪನ ಮೀನು' ಅಂತ. ನನಗೆ ಅವರು ಮಾವ ಅಲ್ವಲ್ಲ!"

ಮಾವ ನಕ್ಕರು. ಬಡಿಸುತ್ತಿದ್ದ ಮಾಮಿಯೂ ನಕ್ಕರು. ಕಮಲೇಶನೂ ನಕ್ಕ. ಆ ಮಧ್ಯಾಹ್ನದ ಅತ್ಯಂತ ಕಷ್ಟದ ಕೆಲಸ ಅದೇ ಆಗಿತ್ತು.

'ಮಾವನ ಮೀನು' ಎಂಬ ಯೂಟ್ಯೂಬ್ ಚಾನೆಲ್ ಹುಟ್ಟಿದ್ದು ಕಮಲೇಶನ ತಲೆಯಲ್ಲಿ. ಬೋಟಿನ ಕೆಲಸ ಬಿಟ್ಟು ಜಗಲಿಯಲ್ಲಿ ಆಕಳಿಸುತ್ತ ಕುಳಿತಿದ್ದ ದೂಮಪ್ಪ ಮಾವನನ್ನು ಕ್ಯಾಮರಾದ ಎದುರು ಕೂರಿಸಿದ್ದು ಅವನು. ಬೂತಾಯಿ ಮೀನು ತಾಜಾ ಇದೆಯೇ ಎಂದು ಕಣ್ಣು ನೋಡಿ ಹೇಳುವುದು, ಪುಳಿಮುಂಚಿ ಸಾರಿಗೆ ಎಷ್ಟು ಹುಳಿ, ದುಬಾರಿ ಅಂಜಲಿನ ಹೆಸರಿನಲ್ಲಿ ಹೋಟೆಲಿನವರು ಏನು ಕೊಡುತ್ತಾರೆ, ಇಂಥವನ್ನೆಲ್ಲ ಮಾವನ ಬಾಯಿಂದ ಹೊರಡಿಸಿದ್ದು ಅವನು. ಮನೆಯಲ್ಲಿ ಎಲ್ಲರೂ ತುಳುವಿನಲ್ಲೇ ಮಾತಾಡುವವರು. ಕ್ಯಾಮರಾಕ್ಕೆ ಮಾತ್ರ ಕನ್ನಡ ಎಂಬ ನಿಯಮ ಮಾಡಿದ್ದೂ ಅವನೇ. ತುಳುವಿನಲ್ಲಿ ಮಾಡಿದರೆ ವೀಡಿಯೊ ಕಲ್ಯಾಣಪುರದ ಹೊಳೆ ದಾಟುವುದಿಲ್ಲ, ಕನ್ನಡದಲ್ಲಿ ಮಾಡಿದರೆ ಬೀದರಿನವರೂ ನೋಡುತ್ತಾರೆ. ನೋಡಿದರು ಕೂಡ. ಮಾತಿನ ಮಧ್ಯೆ ಮಾವ ಒಲೆಯ ಬಳಿಯ ಮಾಮಿಯ ಕಡೆ ತಿರುಗಿ ತುಳುವಿನಲ್ಲಿ ಏನೋ ಗೊಣಗುವುದಿತ್ತು. ಮೀನಿನ ಕಿವಿರು ಕಿತ್ತು ಎಸೆದ ಹಾಗೆ ಕಮಲೇಶ ಅವನ್ನೆಲ್ಲ ಕತ್ತರಿಸಿ ಎಸೆಯುತ್ತಿದ್ದ.

ಈಗ ಹೊಳೆ ದಾಟಿಯಾಗಿತ್ತು, ಅಂಬಿಗನ ಹಂಗು ಮುಗಿದಿತ್ತು. ಉರ್ವ ಮಾರ್ಕೆಟ್ಟಿನ ಬದಿಯಲ್ಲಿ, ಮಾವನ ಮನೆಗೆ ಎರಡು ಓಣಿ ಆಚೆ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು ಎಂಬುದನ್ನು ಬಿಟ್ಟರೆ ತಾನು ಯಾರು ಎಂದು ಅವನು ಕೇಳಿಕೊಂಡ. ಮದುವೆ ಮನೆಗಳಲ್ಲಿ ಜನ ಅವನನ್ನು ಗುರುತು ಹಿಡಿಯುತ್ತಿದ್ದುದು 'ಮಾವನ ಮೀನಿನ ಅಳಿಯ' ಎಂದು. ಆ ಚಾನೆಲ್ ಹೋದರೆ ಉಳಿಯುವುದು ಒಡೆದ ಡಿಸ್‌ಪ್ಲೇಗಳು ಮಾತ್ರ.

ಕಮಲೇಶ ಸ್ವಭಾವತಃ ಯಾರನ್ನೂ ನಂಬದವನು. ಲ್ಯಾಪ್‌ಟಾಪಿನ ಕ್ಯಾಮರಾಕ್ಕೆ ಗಾಯದ ಪಟ್ಟಿ ಅಂಟಿಸಿದ್ದ. ಮಾಲಿನ ಪುಕ್ಕಟೆ ವೈಫೈಯನ್ನು ಬಸ್‌ಸ್ಟ್ಯಾಂಡಿನ ಟವೆಲಿಗೆ ಹೋಲಿಸುತ್ತಿದ್ದ. ಸ್ಮಾರ್ಟ್ ಟಿವಿ ಎಂದರೆ ಹೋಗದೆ ಉಳಿದ ನೆಂಟ, ಮೂಲೆಯಲ್ಲಿ ಕುಳಿತು ಮನೆಯ ಗುಟ್ಟೆಲ್ಲ ಕೇಳಿಸಿಕೊಳ್ಳುತ್ತದೆ ಎಂಬುದು ಅವನ ಅಭಿಪ್ರಾಯ. ಅಂಗಡಿಗೆ ಬರುವವರು ಫೋನಿನ ಜೊತೆಗೆ ಪಾಸ್‌ವರ್ಡನ್ನೂ ನಗುನಗುತ್ತ ಕೊಟ್ಟುಹೋಗುತ್ತಿದ್ದರು. ಮಗಳ ಹೆಸರು, ಸ್ಕೂಟರಿನ ನಂಬರು, ಅಲ್ಲವಾದರೆ ದೈವದ ಹೆಸರು. ಜನ ಬಾಗಿಲಿಗೆ ಮೂರು ಚಿಲಕ ಹಾಕಿ, ಕೀಲಿಕೈಯನ್ನು ಹೊಸ್ತಿಲ ಮೇಲೆ ಇಟ್ಟು ಮಲಗುತ್ತಾರೆ ಎಂದು ಅವನು ಒಳಗೊಳಗೇ ಹೀಯಾಳಿಸುತ್ತಿದ್ದ. ಹೊರಗೆ ಮಾತ್ರ ಬುದ್ಧಿ ಹೇಳುತ್ತಿದ್ದ. ಆ ಕಾರಣಕ್ಕೇ ಭಜನಾ ಮಂದಿರದವರು ಅವನನ್ನು ಕರೆದು 'ಆನ್‌ಲೈನ್ ವಂಚನೆ, ಎಚ್ಚರಿಕೆ' ಎಂದು ಭಾಷಣ ಮಾಡಿಸಿದರು.

"ಓಟಿಪಿ ಯಾರಿಗೂ ಹೇಳಬೇಡಿ," ಎಂದ ಕಮಲೇಶ ಅಲ್ಲಿ. "ಮನೆಯವರಿಗೂ ಹೇಳಬೇಡಿ. ಹೆಂಡತಿಗೂ."

ಮಾವನ ಪಕ್ಕದ ಮನೆಯ ಸೆವರಿನ್, ಹೆಡ್ ಕಾನ್‌ಸ್ಟೆಬಲ್, ಹಿಂದಿನ ಸಾಲಿನಿಂದ ಎದ್ದುನಿಂತರು. "ಹೆಂಡತಿಗೆ ಹೇಳುವುದು ಎಂತ ಬಂತು ಮಾರಾಯ? ಫೋನೇ ಅವಳ ಕೈಯಲ್ಲಿ ಉಂಟು. ಓಟಿಪಿ ಬಂದ್ರೆ ಅವಳೇ ನನಗೆ ಹೇಳುವುದಿಲ್ಲ!"

ಮಂದಿರ ನಕ್ಕಿತು. ನಗದೆ ಬರೆದುಕೊಂಡವಳು ವಿಜೇತಾ ಒಬ್ಬಳೇ. ಆ ಸಂಜೆಯೇ ಅವಳು ಚಾನೆಲಿನ ಪಾಸ್‌ವರ್ಡ್ ಬದಲಾಯಿಸಿದಳು. ಮರುದಿನ ಒಳಗೆ ಹೋಗಲಾಗದೆ ಕಮಲೇಶ ಫೋನ್ ಮಾಡಿದಾಗ, "ನೀವೇ ಹೇಳಿದ್ದಲ್ವಾ ಭಾವ, ಯಾರಿಗೂ ಕೊಡ್ಬಾರದು ಅಂತ?" ಎಂದಳು. ಆ ಮಾತಿನಲ್ಲಿ ವ್ಯಂಗ್ಯವೂ ಇರಲಿಲ್ಲ. ಅದೇ ಹೆಚ್ಚು ಉರಿಸಿತು.

ಅವಳು ಬದಲಾಯಿಸದೆ ಬಿಟ್ಟ ಒಂದು ಸಂಗತಿ ಇತ್ತು. ಪಾಸ್‌ವರ್ಡ್ ಮರೆತರೆ ಆರು ಅಂಕಿಯ ಕೋಡ್ ಹೋಗುವುದು ಮಾಮಿಯ ನಂಬರಿಗೆ. ಚಾನೆಲ್ ಶುರು ಮಾಡಿದ ದಿನ ಮಾವನ ಫೋನು ನೀರಿಗೆ ಬಿದ್ದಿತ್ತು, ಕಮಲೇಶ ಮಾಮಿಯ ನಂಬರು ಹಾಕಿದ್ದ. ಆ ಕೋಡ್ ಒಂದು ಸಿಕ್ಕರೆ ಚಾನೆಲ್ ಅವನ ಕೈಗೆ.

ಯೋಜನೆ ಅವನಿಗೆ ಪೂರ್ತಿಯಾಗಿ ಒಮ್ಮೆಲೇ ಕಂಡಿತು. ಮನೆಗೆ ಹೋಗಿ ಮಾಮಿಯ ಫೋನಿನಲ್ಲಿ ಇಣುಕುವುದು ದಡ್ಡರ ದಾರಿ. ಆ ದಿನ ಮನೆಗೆ ಯಾರು ಬಂದಿದ್ದರು ಎಂಬ ಪ್ರಶ್ನೆ ಮೊದಲು ಬರುತ್ತದೆ. ಕೋಡನ್ನು ಮಾಮಿಯೇ ಓದಿ ಹೇಳಬೇಕು, ಅದೂ ಗಂಡನಿಗೆ. ಆಮೇಲೆ ಚಾನೆಲ್ ಮಾಯ. ವಿಜೇತಾ ಅಳುತ್ತಾಳೆ, ಸೆವರಿನ್ ತಲೆ ಆಡಿಸುತ್ತಾರೆ, ಪೇಪರಿನಲ್ಲಿ ದಿನಾ ಬರುವ ಕತೆ ತಮ್ಮ ಮನೆಗೂ ಬಂತು ಎಂದು ಎಲ್ಲರೂ ನಂಬುತ್ತಾರೆ. ಕೆಲವು ವಾರ ಕಳೆದ ಮೇಲೆ ಕಮಲೇಶ, ಊಟ ನಿದ್ದೆ ಬಿಟ್ಟವನಂತೆ ಗಡ್ಡ ಬೆಳೆಸಿಕೊಂಡು, ಅದನ್ನು 'ಹುಡುಕಿ' ತರುತ್ತಾನೆ. ಅಂದಿನಿಂದ ಕೀಲಿಕೈ ಅವನಲ್ಲಿ. ಹೆಸರು 'ಮಾವನ ಮೀನು'. ಯಾರೂ ಚಕಾರ ಎತ್ತುವುದಿಲ್ಲ.

ಮಾವನ ದನಿಯನ್ನು ನಕಲು ಮಾಡುವುದು ಸುಲಭವಾಯಿತು. ಯಾವುದೋ ದೇಶದ ಒಂದು ಸೈಟು, ದನಿಯ ತುಣುಕು ಕೊಟ್ಟರೆ ಸಾಕು, ಬರೆದದ್ದನ್ನೆಲ್ಲ ಆ ದನಿಯಲ್ಲಿ ಓದುತ್ತದೆ. ತುಣುಕುಗಳಿಗೆ ಅವನಲ್ಲಿ ಬರವಿರಲಿಲ್ಲ. ಒಂದೇ ಒಂದು ತೊಡಕು ಎಂದರೆ, ಆ ಯಂತ್ರದ ಭಾಷೆಗಳ ಸಾಲಿನಲ್ಲಿ ಕನ್ನಡ ಇತ್ತು, ತುಳು ಇರಲಿಲ್ಲ. ಕನ್ನಡ ಅಕ್ಷರದಲ್ಲಿ ತುಳು ಬರೆದು ಓದಿಸಿ ನೋಡಿದ. ವಾರ್ತೆ ಓದುವವರ ಗಂಟಲಿಗೆ ಒಣಮೀನು ಸಿಕ್ಕಿಕೊಂಡ ಹಾಗೆ ಕೇಳಿಸಿತು.

ಇಲ್ಲಿಯೇ ತನ್ನ ಜಾಣತನ ಇರುವುದು ಎಂದುಕೊಂಡ ಕಮಲೇಶ. ಬೇರೆಯವನಾಗಿದ್ದರೆ ಕೈಚೆಲ್ಲುತ್ತಿದ್ದ. ಗಂಡ ಹೆಂಡತಿಯ ಬಳಿ ಕನ್ನಡ ಮಾತಾಡಬೇಕಾದರೆ ಅದಕ್ಕೆ ತಕ್ಕ ಸಂದರ್ಭ ಬೇಕು. ಸಂದರ್ಭ ತಾನಾಗಿ ಒದಗಿತು. ಮಾವ ಕದ್ರಿಯ ಕಣ್ಣಿನ ಡಾಕ್ಟರ ಬಳಿಗೆ ಹೋಗುವವರಿದ್ದರು. ಅಲ್ಲಿ ಕಣ್ಣಿಗೆ ಮದ್ದು ಬಿಟ್ಟು ಗಂಟೆಗಟ್ಟಲೆ ಕೂರಿಸುತ್ತಾರೆ, ಮೊಬೈಲ್ ಆಫ್ ಮಾಡಿಸುತ್ತಾರೆ. ಮಾವ ಆಫ್ ಎಂದರೆ ಆಫ್ ಮಾಡುವ ಮನುಷ್ಯ. ವಿಜೇತಾ ಆಫೀಸಿನಲ್ಲಿ ಇರುತ್ತಾಳೆ. ಕಣ್ಣು ಕಾಣದ ಮಾವ, ತುಳು ಬಾರದ ನರ್ಸಿನ ಎದುರು, ಅವಳ ಫೋನಿನಿಂದ ಮನೆಗೆ ಮಾತಾಡುತ್ತಾರೆ. ಇದಕ್ಕಿಂತ ಸಹಜವಾದದ್ದು ಏನಿದೆ?

ವಾಕ್ಯಗಳನ್ನು ಅವನು ಕಸೂತಿಯ ಹಾಗೆ ಕೂರಿಸಿದ. ಯಂತ್ರ 'ಏನು' ಎಂದರೆ ಅಳಿಸಿ 'ಎಂತ' ಎಂದು ಬರೆದ. 'ಇದೆ' ಇದ್ದಲ್ಲಿ 'ಉಂಟು'. ಸಿಟ್ಟಿನ ಮೊದಲು ಮಾವ ಬಿಡುವ ಉಸಿರನ್ನೂ ಸೇರಿಸಿದ. ಮಧ್ಯೆ ಏನಾದರೂ ಕೇಳಿದರೆ ಇರಲಿ ಎಂದು ಬಿಡಿ ಉತ್ತರಗಳನ್ನೂ ಮಾಡಿಟ್ಟ. ಎಲ್ಲೋ ಹೋಗಿ ಕೂರುವ ಬದಲು ಅಂಗಡಿಯ ಹಲಗೆ ಗೋಡೆಯ ಹಿಂದಿನ ಕ್ಯಾಬಿನ್ನನ್ನೇ ಆರಿಸಿದ. ದಿನಾ ಇರುವಲ್ಲಿ ಇರುವವನನ್ನು ಯಾರೂ ಸಂಶಯಿಸುವುದಿಲ್ಲ. ಮಾವ ಕದ್ರಿಗೆ ಹೋದ ದಿನ, ಯಾರದೋ ಹೆಸರಿನ ಸಿಮ್ ಹಾಕಿದ ಹಳೆಯ ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕ ಇಟ್ಟ. 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿದ. ಕೋಡ್ ಹೊರಟಿತು. ನಂಬರ್ ಹಚ್ಚಿದ.

"ಹಲೋ, ಏರ್?" ಯಾರು ಎಂದು ಕೇಳಿದರು ಮಾಮಿ, ತುಳುವಿನಲ್ಲಿ.

ಕಮಲೇಶ ಒಂದು ಗುಂಡಿ ಒತ್ತಿದ. ಮಾವ ಮಾತಾಡಿದರು. "ನಾನು. ಕಣ್ಣಿಗೆ ಮದ್ದು ಹಾಕಿದ್ದಾರೆ, ಎಂತದ್ದೂ ಕಾಣುವುದಿಲ್ಲ. ಇದು ಇಲ್ಲಿಯ ಸಿಸ್ಟರ್ ಫೋನು. ಅವರಿಗೆ ತುಳು ಬರುವುದಿಲ್ಲ, ಅದಕ್ಕೆ ಕನ್ನಡದಲ್ಲಿ ಹೇಳ್ತೇನೆ. ನಿನ್ನ ಫೋನಿಗೆ ಒಂದು ನಂಬರ್ ಬಂದಿರ್ತದೆ. ಇವರಿಗೆ ಬೇಕಂತೆ. ಓದಿ ಹೇಳು."

ಆ ಕಡೆ ಕುಕ್ಕರು ಒಮ್ಮೆ ಕೂಗಿತು. ಆಮೇಲೆ ಮಾಮಿಯ ದನಿ ಬಂತು, ಮೆತ್ತಗೆ, ಕನ್ನಡದಲ್ಲಿ: "ಆಯ್ತು. ಸ್ವಲ್ಪ ಇರಿ. ಕನ್ನಡಕ ಎಲ್ಲಿ ಇಟ್ಟಿದ್ದೇನೋ."

ಮಾಮಿಯೂ ಕನ್ನಡಕ್ಕೆ ತಿರುಗಿದ್ದರು! ಕಮಲೇಶನಿಗೆ ಮೈ ಹಗುರವಾಯಿತು. ನಂಬಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಗಾಳ ಗಂಟಲಿಗೆ ಇಳಿದಿತ್ತು.

"ಊಟ ಆಯ್ತಾ?" ಎಂದು ಕೇಳಿದರು ಮಾಮಿ.

ಅದಕ್ಕೆ ಅವನು ಉತ್ತರ ಮಾಡಿಟ್ಟಿರಲಿಲ್ಲ. ಇದ್ದುದರಲ್ಲಿ ಹತ್ತಿರದ್ದನ್ನು ಒತ್ತಿದ. "ಆಮೇಲೆ ಹೇಳ್ತೇನೆ," ಎಂದರು ಮಾವ.

"ಅಲ್ಲಿ ನಿಮ್ಮ ಹತ್ತಿರ ತುಂಬ ಜನ ಇದ್ದಾರಾ?"

"ಬೇಗ ಹೇಳು ಮಾರಾಯ್ತಿ."

"ಹುಡುಕ್ತಾ ಇದ್ದೇನೆ. ಫೋನ್ ಇಡ್ಬೇಡಿ."

ಗೇಟಿನ ಕಿರಕ್ ಸದ್ದು. ಪಿಸಪಿಸ ಮಾತು. ಬೆಳಕಿಗಾಗಿ ಹೊರಗೆ ಬಂದಿರಬೇಕು, ಅಥವಾ ಪಕ್ಕದ ಮನೆಯವರ ಹತ್ತಿರ ಓದಿಸುತ್ತಿರಬೇಕು ಎಂದುಕೊಂಡ. ಓದಿಸಲಿ, ಅಂಕಿ ಯಾರ ಬಾಯಿಂದ ಬಂದರೇನು? ಚಪ್ಪಲಿಯ ಸದ್ದು ಕೇಳಿಸಿತು, ನಡಿಗೆ ಬಿರುಸಾಗಿತ್ತು. ಕಾಗೆ. ಬಸ್ಸಿನ ಕಂಡಕ್ಟರು 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ಕೂಗಿದ. ಕಮಲೇಶ ಹುಬ್ಬು ಗಂಟಿಕ್ಕಿದ. ಮಾವನ ಮನೆಯ ಓಣಿಗೆ ಬಸ್ಸು ಬರುವುದಿಲ್ಲ.

ಹಾರ್ನ್ ಆಯಿತು. ಅದೇ ಹಾರ್ನ್ ಎರಡು ಸಲ ಕೇಳಿಸಿತು. ಮೊದಲು ಬೀದಿಯಿಂದ, ಕ್ಷಣ ತಡೆದು ಫೋನಿನಿಂದ.

ಕಾಲ್ ಕಡಿಯಬೇಕು ಎಂದು ಅವನಿಗೆ ಹೊಳೆಯಿತು. ಆರು ಅಂಕಿ ಇನ್ನೂ ಬಂದಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ಕೈ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಫೋನು ಕೊಯ್ಯೋ ಎಂದು ಕಿರುಚತೊಡಗಿತು. ಸ್ಪೀಕರಿಗೆ ಹಾಕಿದ ಎರಡು ಫೋನು ಒಂದೇ ಕಾಲಿನಲ್ಲಿ ಹತ್ತಿರ ಬಂದಾಗ ಏಳುವ ಸದ್ದು ಅದು. ಇಡೀ ಉರ್ವದಲ್ಲಿ ಆ ಸದ್ದಿನ ಅರ್ಥ ತಕ್ಷಣ ತಿಳಿಯುವ ಮನುಷ್ಯ ಒಬ್ಬನೇ, ಅವನು ಅದರ ಪಕ್ಕದಲ್ಲೇ ಕುಳಿತಿದ್ದ.

ಹಲಗೆಯ ಬಾಗಿಲು ತಳ್ಳಿಕೊಂಡು ಮಾಮಿ ಒಳಗೆ ಬಂದರು. ಹಪ್ಪಳ ಹಿಡಿದ ಹಾಗೆ ಫೋನನ್ನು ಮುಂದೆ ಹಿಡಿದಿದ್ದರು, ಇನ್ನೊಂದು ಅಂಗೈಯಿಂದ ಅದರ ಬಾಯಿ ಮುಚ್ಚಿದ್ದರು. ಹಿಂದೆ ಮನೆಯ ಲುಂಗಿಯಲ್ಲೇ ಸೆವರಿನ್. "ಮಗಾ," ಎಂದರು ಮಾಮಿ ತುಳುವಿನಲ್ಲಿ, ಏದುಸಿರು ಬಿಡುತ್ತ, "ನಿನ್ನ ಮಾವನನ್ನು ಯಾರೋ ಹಿಡಿದಿಟ್ಟಿದ್ದಾರೆ. ಅವರ ಫೋನು ಆಫ್ ಬರ್ತದೆ ಅಂತೆ, ಸೆವರಿನ್ ಮಾಡಿ ನೋಡಿದ್ರು. ಈ ಕಾಲ್ ಎಲ್ಲಿಂದ ಬರ್ತಾ ಉಂಟು ಅಂತ ನೋಡು, ಬೇಗ."

ಲ್ಯಾಪ್‌ಟಾಪ್ ಮುಚ್ಚಲು ಹೋದ ಕಮಲೇಶನ ಬೆರಳು ಗುಂಡಿಗೆ ತಗಲಿತು. "ಬೇಗ ಹೇಳು ಮಾರಾಯ್ತಿ," ಎಂದರು ಮಾವ, ಲ್ಯಾಪ್‌ಟಾಪಿನಿಂದ. "ಬೇಗ ಹೇಳು ಮಾರಾಯ್ತಿ," ಎಂದರು ಮತ್ತೆ, ಮಾಮಿಯ ಅಂಗೈಯೊಳಗಿಂದ.

ಸೆವರಿನ್ ಬಗ್ಗಿ ಮೇಜಿನ ಮೇಲಿನ ಹಳೆಯ ಫೋನನ್ನು ನೋಡಿದರು, ಪರದೆಯ ಮೇಲಿನ ಮಾಮಿಯ ನಂಬರನ್ನು ನೋಡಿದರು. "ಹುಡುಕುವುದು ಎಂತ ಉಂಟು ಸ್ವರ್ಣಕ್ಕ," ಎಂದರು. "ಇಲ್ಲಿಂದಲೇ ಅಂತ ಕಾಣ್ತದೆ."

ಮಾಮಿ ಕಾಲ್ ಕಡಿದರು. ದನಿಯಲ್ಲಿ ಎಂತ ತಪ್ಪಿತ್ತು ಎಂದು ಕಮಲೇಶ ಕೇಳಿದ. ಬೇರೇನೂ ಅವನಿಗೆ ತೋಚಲಿಲ್ಲ. "ದನಿಯಲ್ಲಿ ಎಂತ ತಪ್ಪೂ ಇಲ್ಲ, ಅವರದ್ದೇ," ಎಂದರು ಮಾಮಿ. "ಅದಕ್ಕೇ ನನ್ನ ಜೀವ ಹಾರಿದ್ದು. ಅವರು ಬೋಟು ನಿಲ್ಲುವ ದಕ್ಕೆಯಲ್ಲಿ, ನಾನು ಮಾರ್ಕೆಟ್ಟಿನಲ್ಲಿ ಮೀನು ಮಾರುವಾಗ, ಯಾವನಾದ್ರೂ ಮೋಸಗಾರ ಇವರ ಪಕ್ಕದಲ್ಲೇ ನಿಂತು 'ಹೆಂಡತಿಗೆ ಫೋನ್ ಮಾಡಿ ಸಾಲಕ್ಕೆ ಮೀನು ಕೊಡಿಸಿ' ಅಂತ ಪೀಡಿಸ್ತಿದ್ದ. ಇವರು ಫೋನ್ ಮಾಡಿ 'ಕೊಡು' ಅಂತಲೇ ಹೇಳ್ತಿದ್ರು. ತುಳುವಿನಲ್ಲಿ ಹೇಳಿದ್ರೆ ಕೊಡ್ಬೇಕು. ಕನ್ನಡದಲ್ಲಿ ಹೇಳಿದ್ರೆ ಪಕ್ಕದಲ್ಲಿ ಕಳ್ಳ ಇದ್ದಾನೆ, ಕೊಡ್ಬಾರದು ಅಂತ. ಅದೊಂದು ಬಿಟ್ರೆ, ಮದುವೆ ಆದಾಗಿನಿಂದ ಅವರು ನನ್ನ ಹತ್ತಿರ ಕನ್ನಡ ಮಾತಾಡಿದ್ದೇ ಇಲ್ಲ."