ಹತ್ತು ರಾತ್ರಿ, ಒಬ್ಬ ಅತಿಥಿ

ಬುಕಿಂಗ್ ಮಾಡುವವರು ಕೇಳುವ ಪ್ರಶ್ನೆಗಳೆಲ್ಲ ಕ್ಷಮಾಳಿಗೆ ಬಾಯಿಪಾಠ. ವೈಫೈ ಹೇಗಿದೆ, ಗೀಸರ್ ಇದೆಯಾ, ಮರವಂತೆ ಎಷ್ಟು ದೂರ, ಮೀನೂಟ ಎಲ್ಲಿ ಚೆನ್ನಾಗಿರುತ್ತದೆ. ಸಾಲಿಗ್ರಾಮದ ಅರ್ಚಕರ ಮಗಳಾದ ಅವಳು ಈ ಕೊನೆಯ ಪ್ರಶ್ನೆಗೂ ಐದು ಹೋಟೆಲುಗಳ ಹೆಸರನ್ನು ಅಧಿಕಾರವಾಣಿಯಿಂದ ಹೇಳುತ್ತಿದ್ದಳು. ಯಾರೂ ಬಂದು ಸುಳ್ಳು ಎಂದಿರಲಿಲ್ಲ.

ಮುಂಬೈಯಲ್ಲಿ ಹೋಟೆಲು ನಡೆಸುವ ಪ್ರೇಮಾನಂದರಿಗೆ ತ್ರಾಸಿಯಲ್ಲಿ ನಾಲ್ಕು ಫ್ಲಾಟುಗಳಿದ್ದವು. ಅವನ್ನು ಸೈಟಿಗೆ ಹಾಕುವುದು, ಮೆಸೇಜಿಗೆ ಉತ್ತರಿಸುವುದು, ಕೀ ಕೊಡುವುದು, ಕೀ ಇಸಿದುಕೊಳ್ಳುವುದು ಕ್ಷಮಾಳ ಕೆಲಸ. ಮೂರನೇ ಮಹಡಿಯ ಫ್ಲಾಟಿಗೆ ಅವಳೇ ‘ಸೀ ವ್ಯೂ’ ಎಂದು ಬರೆದಿದ್ದಳು. ಬಾಲ್ಕನಿಯ ಬಲಮೂಲೆಯಲ್ಲಿ ನಿಂತು ಕತ್ತು ಹೊರಳಿಸಿದರೆ ಕಡಲು ಕಾಣುವುದು ನಿಜವೇ. ಫೋಟೋದಲ್ಲಿ ಕತ್ತು ಕಾಣುವುದಿಲ್ಲ.

ಗೌರೀಶ್ ಎನ್ನುವವನ ಮೆಸೇಜು ಬಂದದ್ದು ಇಂಗ್ಲಿಷಿನಲ್ಲಿ. ಹತ್ತು ರಾತ್ರಿ, ಒಬ್ಬ ಅತಿಥಿ. ಬಾವಿ ಇದೆಯೇ? ಅಡುಗೆ ನಾನೇ ಮಾಡಿಕೊಳ್ಳಬಹುದೇ? ಕಾಗೆಗಳು ಬರುತ್ತವೆಯೇ?

ಪಕ್ಷಿ ನೋಡುವ ಜನ ಎಂದುಕೊಂಡಳು ಕ್ಷಮಾ. ಖುಷಿಯಿಂದ ಬರೆದಳು: ಕಾಗೆಯೇನು, ಹದ್ದು, ಮಿಂಚುಳ್ಳಿ, ಕೊಕ್ಕರೆ ಎಲ್ಲ ಬರುತ್ತವೆ. ಬೈನಾಕ್ಯುಲರ್ ಮರೆಯದೆ ತನ್ನಿ.

ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. ‘ಕಾಗೆ ಸಾಕು.’

ಮರುದಿನ ಹನ್ನೊಂದು ಗಂಟೆಗೆ ರಿಕ್ಷಾದಿಂದ ಇಳಿದವನು ನಲವತ್ತರ ಆಸುಪಾಸಿನವನು. ಬಿಳಿ ಪಂಚೆ, ಹೆಗಲಿಗೊಂದು ಶಾಲು, ನಾಲ್ಕು ದಿನದ ಗಡ್ಡ, ಬರಿಗಾಲು. ಮೂರನೇ ಮಹಡಿಯ ಬಾಗಿಲೆದುರು ಕ್ಷಮಾ ಕೀ ಹಿಡಿದು ಕೈ ಮುಂದೆ ಚಾಚಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಕೆಳ್ಗಿಡಿ. ನಂಗ್ ಸೂತ್ಕ ಇತ್ತ್. ಅಮ್ಮ ತೀರ್ಕಂಡ್ ಇವತ್ತಿಗೆ ನಾಕ್ನೇ ದಿನ.”

ಚಾಚಿದ ಕೈ ಅಲ್ಲೇ ನಿಂತಿತು. ಕಾಗೆ ಯಾಕೆ ಎಂಬುದು ಅವಳಿಗೆ ಆಗ ಹೊಳೆಯಿತು. ಪಿಂಡ. ಹತ್ತನೇ ದಿನ ಕಾಗೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಹುಟ್ಟಿದಾಗಿನಿಂದ ಮಂತ್ರ ಕೇಳಿ ಬೆಳೆದವಳು, ತಾಯಿ ಸತ್ತ ಗಂಡಸಿಗೆ ಬೈನಾಕ್ಯುಲರ್ ತನ್ನಿ ಎಂದಿದ್ದಳು.

“ಮುಂಚೆ ಹೇಳ್ಕಿತ್ತಲ್ದಾ?” ಎಂದಳು. ನಾಚಿಕೆ ಸಿಟ್ಟಾಗಿ ಹೊರಬಿತ್ತು.

“ನಿಮ್ಮ ಬುಕಿಂಗ್ ಫಾರಮ್ಮಂಗೆ ಕೇಂಡಿರ್ಲಿಲ್ಲೆ. ನಾಯಿ ಇತ್ತಾ ಕೇಂಡಿರ್. ಪಾರ್ಟಿ ಮಾಡ್ತ್ರಾ ಕೇಂಡಿರ್. ತಾಯಿ ತೀರ್ಕಂಡಿರಾ ಕೇಂಬುಕ್ ಜಾಗವೇ ಇರ್ಲಿಲ್ಲೆ.” ಅವನ ಸ್ವರದಲ್ಲಿ ವ್ಯಂಗ್ಯ ಇರಲಿಲ್ಲ; ಬರೀ ಆಯಾಸ. “ಕುಂದಾಪ್ರದಗೆ ಮೂರ್ ಲಾಡ್ಜಿನವ್ರಿಗೆ ನಿಜ ಹೇಳ್ದೆ. ಮೂರೂ ಜನ ರೂಮ್ ಇಲ್ಲೆ ಅಂದ್ರ್. ನಾಕ್ನೇದ್ ನಿಮ್ದ್. ಇನ್ನ್ ಹೇಳುಕೆ ಧೈರ್ಯ ಇರ್ಲಿಲ್ಲೆ.”

ಕ್ಷಮಾ ಕೀಯನ್ನು ಹೊಸ್ತಿಲ ಮೇಲಿಟ್ಟಳು. ಅವನು ಬಾಗಿ ಎತ್ತಿಕೊಂಡ. ಒಳಗೆ ಹೋಗುವ ಮುನ್ನ ತಿರುಗಿ, ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದ: “ಬೈನಾಕ್ಯುಲರ್ ತರ್ಲಿಲ್ಲೆ.”

ಅವಳಿಗೆ ನಗು ಬಂತು. ಅಂಥ ಬಾಗಿಲಿನೆದುರು ನಗಬಾರದು ಎಂದು ನೆನಪಾಗುವುದರೊಳಗೆ ಬಂದೇಬಿಟ್ಟಿತ್ತು.

ಕಟ್ಟಡದ ಸುದ್ದಿ ಮುಂಬೈಗೆ ಎರಡು ತಾಸಿನಲ್ಲಿ ಮುಟ್ಟುತ್ತದೆ. ಪ್ರೇಮಾನಂದರ ಫೋನು ಬಂತು.

“ಅರೆ ಕ್ಷಮಾ, ಅದ್ ಧರ್ಮಛತ್ರವಾ? ಕ್ಯಾನ್ಸಲ್ ಮಾಡ್ ಮಾರಾಯ್ತಿ.”

“ನಾವೇ ಕ್ಯಾನ್ಸಲ್ ಮಾಡಿದ್ರೆ ರೇಟಿಂಗ್ ಬೀಳತ್ತ್, ಪ್ರೇಮಣ್ಣ. ಹುಡ್ಕುವವ್ರಿಗೆ ನಮ್ಮ ಫ್ಲಾಟ್ ಎರಡ್ನೇ ಪೇಜಂಗೆ ಕಾಂತ್ ಮತ್ತೆ.”

ಪ್ರೇಮಾನಂದರು ಈ ಲೋಕದಲ್ಲಿ ಹೆದರುತ್ತಿದ್ದದ್ದು ಎರಡಕ್ಕೆ: ಸಕ್ಕರೆ ಕಾಯಿಲೆಗೆ, ಎರಡನೇ ಪೇಜಿಗೆ. ಆಚೆಯಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. “ಸಾಯ್ಲಿ. ಹತ್ ದಿನ ಕಳೀಲಿ. ಬೇರೆ ಗೆಸ್ಟ್ ಕಂಪ್ಲೇಂಟ್ ಕೊಟ್ರೆ ಮಾತ್ರ ನಾಳಿಂದ ನೀನ್ ಬಪ್ಪುದ್ ಬ್ಯಾಡ.”

ಅಂದಿನಿಂದ ಅವಳು ದಿನಕ್ಕೊಮ್ಮೆ ಹೋಗಲೇಬೇಕಾಯಿತು. ಬಾಳೆಲೆ, ಎಳ್ಳು, ಬೆಳ್ತಿಗೆ ಅಕ್ಕಿ, ದರ್ಭೆ: ಹುಬ್ಬಳ್ಳಿಯಿಂದ ಬಂದವನಿಗೆ ಇಲ್ಲಿ ಯಾವುದು ಎಲ್ಲಿ ಸಿಗುತ್ತದೆ ಎಂದು ತಿಳಿಯದು. ಅವಳು ಹೊಸ್ತಿಲಿನಾಚೆ ನಿಲ್ಲುತ್ತಿದ್ದಳು, ಅವನು ಒಳಗೆ ಗೋಡೆಗೊರಗಿ. ನಡುವೆ ಎರಡು ಮಾರು ನೆಲ. ಅವಳು ಇಟ್ಟದ್ದನ್ನು ಅವನು ಎತ್ತಿಕೊಳ್ಳಬೇಕಾದರೆ ಅವಳು ಹಿಂದೆ ಸರಿಯಬೇಕು. ಇಷ್ಟು ಅಳತೆಯಿಟ್ಟು ಒಬ್ಬ ಗಂಡಸು ತನ್ನನ್ನು ಗಮನಿಸಿದ್ದು ಅವಳ ಬದುಕಿನಲ್ಲಿ ಇದೇ ಮೊದಲು. ಸೂತಕದ ಎಚ್ಚರವೇ ಇರಬಹುದು. ಆದರೂ ಅವನ ಕಣ್ಣು ನೆಲದಿಂದ ಏಳುವ ಕ್ಷಣಕ್ಕೆ ತಾನು ಕಾಯುತ್ತಿದ್ದೇನೆಂದು ಅವಳಿಗೆ ಮೂರನೇ ದಿನವೇ ಗೊತ್ತಾಯಿತು.

“ನೀವ್ ಅಜ್ಜಿ ಹಾಂಗೆ ಮಾತಾಡ್ತ್ರಿ” ಎಂದಳು ಒಮ್ಮೆ. ನಿಜವೇ. ಅವನ ಕುಂದಾಪ್ರ ಕನ್ನಡದಲ್ಲಿ ಈಗ ಇಲ್ಲಿ ಯಾರೂ ಆಡದ ಮಾತುಗಳಿದ್ದವು.

“ಅಮ್ಮನ ಹತ್ರ ಮಾತ್ರ ಆಡಿದ್ದ್ ಇದ್. ಬೇರೆ ಯಾರ್ ಹತ್ರ ಆಡುದ್ ಹುಬ್ಬಳ್ಳಿಯಂಗೆ? ಇನ್ನ್ ಬಾಯ್ ಮರ್ತ್ ಹೋತ್.”

“ನಾನಿದ್ನಲೆ” ಎಂದಳು. ಹೇಳಿದ ಮೇಲೆ, ಗೀಸರಿನ ಸ್ವಿಚ್ಚು ಎಲ್ಲಿದೆ ಎಂದು ನಾಲ್ಕನೇ ಸಲ ವಿವರಿಸಿದಳು.

ನೆಲ ಒರೆಸುವ ಗುಲಾಬಿಗೆ ಇದೆಲ್ಲ ಕಾಣದೆ ಇರುತ್ತದೆಯೆ. ಮೊದಲ ದಿನ “ಆ ರೂಮಿಗ್ ನಾ ಹೋತಿಲ್ಲೆ” ಎಂದು ಪೊರಕೆ ಕೆಳಗಿಟ್ಟವಳು, ನಾಲ್ಕನೇ ದಿನ ಮೆಟ್ಟಿಲ ಮೇಲೆ ಕ್ಷಮಾಳನ್ನು ಅಡ್ಡಗಟ್ಟಿದಳು.

“ಹ್ವಾಯ್ ಕ್ಷಮಕ್ಕ, ಅವ್ರ್ ತಾವೇ ಗುಡ್ಸ್ಕಂತ್ರ್, ತಾವೇ ಒರ್ಸ್ಕಂತ್ರ್. ಇಂಥದ್ದೊಂದ್ ಸಿಕ್ಕಿದ್ರೆ ನೀವ್ ಪುಣೆಯಿಂದ ಹನ್ನೊಂದೇ ತಿಂಗ್ಳಿಗೆ ಬತ್ತಿರ್ಲಿಲ್ಲೆ.”

“ಬಾಯ್ ಮುಚ್ಚ್ ಗುಲಾಬಿ.”

“ನಾ ಎಂತ ಹೇಳ್ದೆ? ಗುಡ್ಸುದ್ ಹೇಳ್ದೆ.”

ಕ್ಷಮಾಳ ಮದುವೆ ಅಷ್ಟೇ ಕಾಲ ಬಾಳಿದ್ದು ಹೌದು. ಜಗಳವಾಗಲಿ ಹೊಡೆತವಾಗಲಿ ಇರಲಿಲ್ಲ. ನೋಡಿದವರು ಐದು ಸ್ಟಾರ್ ಕೊಡುವಂಥ ಸಂಸಾರ. ಒಳಗಿದ್ದವರು ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರು ಅಷ್ಟೆ. ಐದು ವರ್ಷದ ಹಿಂದೆ ಅಪ್ಪ ವೈಕುಂಠ ಉಪಾಧ್ಯರು ಮಗಳನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಂದಾಗ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗಲೂ ಹಾಗೆಯೇ. ಫ್ಲಾಟಿನಿಂದ ಬಂದವಳು ಹಿತ್ತಲಲ್ಲಿ ಮಿಂದೇ ಒಳಗೆ ಬರುತ್ತಿರುವುದನ್ನು ಎರಡು ದಿನ ಕಂಡರು. ಮೂರನೇ ದಿನದಿಂದ ಒಂದು ಹಂಡೆ ನೀರು ಹೆಚ್ಚಿಗೆ ಕಾಯಿಸಿಟ್ಟರು.

ಅದೇ ನಾಲ್ಕನೇ ದಿನ ಗೌರೀಶ್ ಒಳಗಿನಿಂದ ಒಂದು ಹಳೆಯ ಮೊಬೈಲು ತಂದು ನೆಲದ ಮೇಲಿಟ್ಟು ಹಿಂದೆ ಸರಿದ. “ಕಾಣಿ.”

ಅವನ ತಾಯಿ ಉಮಾವತಿಯ ಫೋನು. ತೆರೆದರೆ ಬುಕಿಂಗ್ ಸೈಟು. ಉಳಿಸಿಟ್ಟ ಜಾಗಗಳ ಪಟ್ಟಿಯಲ್ಲಿ ಒಂದೇ ಒಂದು ಚಿತ್ರ, ಪಕ್ಕದಲ್ಲಿ ಕೆಂಪು ಹೃದಯ. ಚಿತ್ರ ಕ್ಷಮಾ ತೆಗೆದದ್ದು: ಇದೇ ಫ್ಲಾಟಿನ ಬಾಲ್ಕನಿ, ಅದರಾಚೆ ಕಡಲು.

“ನಂಗೆ ಎಂಟ್ ವರ್ಷ ಇಪ್ಪಾಗ ಅಮ್ಮ ನನ್ನ ಕರ್ಕಂಡ್ ಕೋಟದ ಗಂಡನ ಮನೆ ಬಿಟ್ ಹೊರ್ಗ್ ಬಂದದ್ದ್. ಮತ್ತೆ ಒಂದ್ ಸರ್ತಿಯೂ ಈ ಬದಿಗ್ ಬರ್ಲಿಲ್ಲೆ. ಈಗ ದೊಡ್ಡಪ್ಪನ ಮಕ್ಳಿಗೆ ಫೋನ್ ಮಾಡಿದ್ರೆ, ಬಿಟ್ ಹೋದವ್ರ ಕ್ರಿಯೆ ಇಲ್ಲಿ ಬ್ಯಾಡ ಅಂದ್ರ್.” ಅವನು ಗೋಡೆ ನೋಡುತ್ತಿದ್ದ. “ಮೊಬೈಲ್ ಒತ್ತುಕೆ ನಾನೇ ಕಲ್ಸಿದ್ದ್. ಪ್ರತಿ ತಿಂಗ್ಳ್ ತಾರೀಕ್ ಹಾಕುದ್, ಇಬ್ರ್ ಅಂದೇಳಿ ಹಾಕುದ್, ಕಡೀ ಪೇಜಿಗೆ ಹೋಯಿ ನಿಲ್ಸುದ್. ‘ಮಗಾ, ಎರಡ್ ದಿನ ಕಡ್ಲ್ ಕಂಡ್ಕಂಡ್ ಬಪ್ಪನಾ?’ ಅಂಬುದ್. ನಾನ್ ‘ಮುಂದಿನ್ ತಿಂಗ್ಳ್ ಅಮ್ಮ, ಈಗ ರಜೆ ಇಲ್ಲೆ’ ಅಂಬುದ್. ಎರಡ್ ವರ್ಷ. ಕಾಲೇಜಂಗೆ ಲ್ಯಾಬ್ ಅಸಿಸ್ಟೆಂಟ್ ನಾನ್. ರಜೆ ಇಲ್ದೆ ಎಂತ? ಸುಮ್ನೆ ಹೇಳಿದ್ದ್.”

ಹೊಸ್ತಿಲಿನಾಚೆ ಕ್ಷಮಾ ಕುಳಿತುಬಿಟ್ಟಳು. ‘ಈ ಜಾಗವನ್ನು ನಲವತ್ತೊಂದು ಜನ ಉಳಿಸಿಕೊಂಡಿದ್ದಾರೆ’ ಎಂದು ಸೈಟು ಅವಳಿಗೆ ತೋರಿಸುತ್ತಿತ್ತು. ಆ ಸಂಖ್ಯೆ ನೋಡಿ ಅವಳು ಹೆಮ್ಮೆಪಟ್ಟದ್ದಿತ್ತು.

“ಹತ್ನೇ ದಿನ ಕಾಗೆ ಬಾರದಿದ್ರೆ,” ಎಂದ ಅವನು, “ನಂಗೆ ಮುಂದೆ ಬದ್ಕುಕೆ ಕಷ್ಟ ಆತ್.” ಊಟಕ್ಕೆ ಉಪ್ಪು ಕಮ್ಮಿ ಎನ್ನುವಷ್ಟು ಸಾದಾ ಸ್ವರ.

ತ್ರಾಸಿಯ ಆ ದಂಡೆಯಲ್ಲಿ ಕಾಗೆಗಳು ಕಡಿಮೆ. ಮೀನು ಇಳಿಸುವ ಜಾಗದಲ್ಲಿ ಅವಕ್ಕೆ ಮೃಷ್ಟಾನ್ನವಿರುವಾಗ ಇಲ್ಲಿಗೇಕೆ ಬರುತ್ತವೆ? ಮೆಸೇಜಿನಲ್ಲಿ ‘ಎಲ್ಲ ಬರುತ್ತವೆ’ ಎಂದು ಬರೆದವಳು ಅವಳೇ. ಮರುದಿನ ಬೆಳಿಗ್ಗೆ ಏಳಕ್ಕೆ ಕ್ಷಮಾ ಸ್ಕೂಟರಿನಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಬಂದಳು. ಕಟ್ಟಡದ ಹಿಂದೆ, ಕೇದಗೆ ಪೊದೆಗಳ ಆಚೆ, ಕ್ರಿಯೆಗೆಂದು ಗೊತ್ತುಮಾಡಿದ್ದ ಕಲ್ಲಿನ ಮೇಲೆ ಇಟ್ಟು ದೂರ ನಿಂತಳು. ಒಂದು ಕಾಗೆ ಬಂತು. ಮರುದಿನ ಮೂರು, ಮತ್ತಿನ ದಿನ ಎಂಟು. ಅವಳ ಕಸುಬಿನ ಭಾಷೆಯಲ್ಲಿ ಅವು ರಿಪೀಟ್ ಗೆಸ್ಟ್‌ಗಳಾದವು. ಒಂದು ದಿನ ಉದ್ದಿನ ವಡೆಯನ್ನೂ ತಂದಳು.

ಸಾವಿನ ಹತ್ತನೇ ದಿನ ಪುರೋಹಿತ ಮಧುಸೂದನ ಐತಾಳರು ಬಂದರು. ಗೌರೀಶ್ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಕಲ್ಲಿನ ಮೇಲೆ ಪಿಂಡವಿಟ್ಟ. ಕ್ಷಮಾ ಬಾಲ್ಕನಿಯ ಬಲಮೂಲೆಯಲ್ಲಿ ಕತ್ತು ಹೊರಳಿಸಿ ನಿಂತಿದ್ದಳು. ಅವನು ಹಿಂದೆ ಸರಿದು ಕೈ ಮುಗಿಯುವಷ್ಟೂ ಪುರುಸೊತ್ತು ಕೊಡದೆ ಹನ್ನೆರಡು ಕಾಗೆಗಳು ಎರಗಿದವು.

“ಪುಣ್ಯವಂತ ಮಾರಾಯ ನೀನ್!” ಐತಾಳರ ಸ್ವರ ಮೇಲಿನವರೆಗೆ ಕೇಳಿಸಿತು. “ಮೂವತ್ ವರ್ಷದಂಗೆ ಇಷ್ಟ್ ಬೇಗ ಕಂಡಿಲ್ಲೆ ನಾನ್. ನಿಮ್ಮಮ್ಮಂಗೆ ಎಂತದೂ ಉಳೀಲಿಲ್ಲೆ.”

ಗೌರೀಶ್ ಮರಳಿನ ಮೇಲೆ ಹಣೆಯೂರಿದ. ಎದ್ದವನ ಮುಖ ಬೇರೆಯಾಗಿತ್ತು. ಆ ಮುಖವನ್ನು ನೋಡಿ ಬಾಲ್ಕನಿಯಲ್ಲಿದ್ದವಳಿಗೆ, ತಾನು ಎಂಥ ಕೆಲಸ ಮಾಡಿದೆನೆಂದು ಮೊದಲ ಸಲ ಭಯವಾಯಿತು.

ಹದಿಮೂರನೇ ದಿನಕ್ಕೆ ಕ್ರಿಯೆಯೆಲ್ಲ ಮುಗಿಯಿತು. ಮರುದಿನ ಬೆಳಿಗ್ಗೆ ಅವನು ಹೊರಡುವ ಹೊತ್ತು. ಕ್ಷಮಾ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಶುದ್ಧವಾಗಿತ್ತಲ್ಲ, ಲೋಟ ಕೆಳಗಿಡಬೇಕಾಗಿರಲಿಲ್ಲ. ಕೈಯಿಂದ ಕೈಗೆ ಹೋಯಿತು. ಬೆರಳು ತಾಗಿತು. ಇಬ್ಬರೂ ಅಗತ್ಯಕ್ಕಿಂತ ಕೊಂಚ ಹೆಚ್ಚು ಹೊತ್ತು ಆ ಲೋಟವನ್ನು ಹಿಡಿದುಕೊಂಡೇ ಇದ್ದರು.

“ಅಮ್ಮ ನಂಗೆ ಬೇಜಾರ್ ಮಾಡ್ಕಣ್ಲಿಲ್ಲೆ ಅಂದೇಳಿ ಗೊತ್ತಾಯ್ತಲೆ,” ಎಂದ ಅವನು. ಬೋಳುತಲೆಯ ಆ ಮುಖದಲ್ಲಿ ಎಂಟು ವರ್ಷದವನೊಬ್ಬ ಇಣುಕಿದಂತಿತ್ತು. “ಹಾಂಗಾಯಿ ಧೈರ್ಯ ಬಂತ್. ನಿಮ್ಮ ಹತ್ರ ಒಂದ್ ಕೇಂಬುದಿತ್ತ್.”

ಅವನು ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಹೂಂ ಎಂದರೆ ಆಯಿತು. ಕಾಗೆಗಳು ಬಾಯಿ ಬಿಡುವುದಿಲ್ಲ.

“ಕೇಂಬುಕ್ ಮುಂಚೆ ನಾನ್ ಒಂದ್ ಹೇಳ್ಕ್” ಎಂದಳು. ಹೇಳಿದಳು.

ಕಾಫಿಯ ಮೇಲೆ ಕೆನೆ ಕಟ್ಟಿತು.

“ಎಷ್ಟ್ ದಿನ ಹಾಕಿದ್ರಿ?”

“ಹತ್ನೇ ದಿನದ್ ಬೆಳಿಗ್ಗೆವರೆಗೆ.”

“ಎಂತ ಹಾಕಿದ್ರಿ?”

“ಮೊಸ್ರನ್ನ. ಒಂದ್ ದಿನ ವಡೆ.”

“ವಡೆ” ಎಂದ ಅವನು. ಆಮೇಲೆ ಗೋಡೆಗೊರಗಿ ಜಾರಿ ಕುಳಿತು, ಇಷ್ಟು ದಿನದಲ್ಲಿ ಒಮ್ಮೆಯೂ ಅಳದಿದ್ದವನು ಅತ್ತ. ಅವಳು ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕನ್ನು ಈಗಷ್ಟೇ ಕಳೆದುಕೊಂಡಿದ್ದಳು.

“ಎಂತಕ್ ಹೇಳಿದ್ರಿ?” ಎಂದು ಕೇಳಿದ ಕೊನೆಗೆ. ಸ್ವರ ಒರಟಾಗಿತ್ತು. “ಹೇಳದಿದ್ರೆ ಸಾಯುವಲ್ಲಿವರೆಗೆ ನಂಗೆ ಗೊತ್ತಾತಿರ್ಲಿಲ್ಲೆ. ಚಂದ ಇರ್ತಿತ್ತ್.”

“ಚಂದ ಕಾಂಬು ಮನೆಯಂಗೆ ನಾನೊಂದ್ ಸರ್ತಿ ಇದ್ ಬಂದವ್ಳ್. ನಿಮ್ಮ ಹತ್ರ ಹಾಂಗ್ ಇಪ್ಪುಕೆ ನಂಗ್ ಆತಿಲ್ಲೆ.” ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದಳು. “ನೀವ್ ಕೇಂಬುದ್ ಕೇಂಡಿದ್ರೆ ಹೂಂ ಅಂಬುಕೆ ಬಾಯ್ ತುದಿಯಂಗೆ ಇತ್ತ್. ಅದ್ಕೇ ಹೇಳಿದ್ದ್.”

ಕೆಳಗೆ ರಿಕ್ಷಾದವನು ಹಾರ್ನ್ ಹೊಡೆದ. ಗೌರೀಶ್ ಎದ್ದು ಮುಖ ತೊಳೆದುಕೊಂಡು ಬಂದು ಬ್ಯಾಗಿನ ಜಿಪ್ಪು ಎಳೆದ. ಅವಳ ಕಡೆ ನೋಡಲಿಲ್ಲ. ಇಬ್ಬರೂ ಮೆಟ್ಟಿಲಿಳಿದರು. ಎರಡನೇ ಮಹಡಿಯ ಹತ್ತಿರ ಅವನು ಕೇಳಿದ:

“ಇಪ್ಪತ್ತೇಳ್ನೇ ದಿನ ಅಮ್ಮಂಗೆ ಊನಮಾಸಿಕ ಶ್ರಾದ್ಧ ಮಾಡ್ಕ್. ಈ ಫ್ಲಾಟ್ ಸಿಕ್ಕತ್ತಾ?”

ಕ್ಷಮಾ ಫೋನು ತೆಗೆದಳು. ತಪ್ಪು ತಿಂಗಳು ತೆರೆಯಿತು. ಮತ್ತೆ ನೋಡಿದಳು. “ಇಲ್ಲೆ. ದಾವಣಗೆರೆಯವ್ರ್ ತಕಂಡಿರ್. ನಾಕ್ ಜನ.”

ಅವನು ತಲೆಯಾಡಿಸಿ ಇಳಿಯತೊಡಗಿದ.

“ನಮ್ಮನಿ ಇತ್ತ್” ಎಂದಳು ಕ್ಷಮಾ ಬೆನ್ನಿಗೆ. “ಸಾಲಿಗ್ರಾಮದಗೆ. ಅಪ್ಪ ಇದ್ರ್. ಅವ್ರಿಗ್ ಮಂತ್ರ ಬತ್ತ್, ಪ್ರಶ್ನೆ ಕೇಂಬುಕ್ ಬತ್ತಿಲ್ಲೆ.”

ಅವನು ನಿಂತ. ತಿರುಗಲಿಲ್ಲ. “ಅಲ್ಲಿಯ ಕಾಗೆಗೆ ಎಂತ ಹಾಕಿದ್ರಿ?”

“ಎಂತದೂ ಇಲ್ಲೆ. ಅವಕ್ಕೆ ನನ್ನ ಗುರ್ತವೇ ಇಲ್ಲೆ.”

“ಬಾರದಿದ್ರೆ?”

ಮೆಟ್ಟಿಲ ಕಿಟಕಿಯಿಂದ ಹೆದ್ದಾರಿಯ ಲಾರಿಗಳ ಸದ್ದು ಬರುತ್ತಿತ್ತು. ಬರುತ್ತವೆ ಎಂದು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಅಂಥ ಉತ್ತರಗಳಿಂದಲೇ ಅವಳ ಸಂಬಳ ಬರುತ್ತಿದ್ದದ್ದು.

“ಬಾರದಿದ್ರೆ ಇಬ್ರೂ ಕಾದ್ಕಂಡ್ ಕೂಕಂಬ” ಎಂದಳು.

ಅವನು ಕೆಳಗಿಳಿದ. ಬ್ಯಾಗು ರಿಕ್ಷಾದೊಳಗಿಟ್ಟು, ಕುಳಿತು, ಕಡಲಿನ ಕಡೆ ನೋಡಿದ. ಅಲ್ಲಿಂದ ಕತ್ತು ಹೊರಳಿಸದೆಯೇ ಕಾಣುತ್ತಿತ್ತು. ರಿಕ್ಷಾದವನು ಸ್ಟಾರ್ಟ್ ಮಾಡಿದ. ಆಗ ಗೌರೀಶ್ ಅವನ ಹೆಗಲು ತಟ್ಟಿ ನಿಲ್ಲಿಸಿದ.

“ಸಾಲಿಗ್ರಾಮದಗೆ ಬಸ್ಸಿಂದ ಇಳ್ದ್ ಎತ್ಲಾಗ್ ಹೋಯ್ಕ್?”

ಕ್ಷಮಾಳ ಕೈಯಲ್ಲಿ ಫೋನಿತ್ತು. ದಿನಕ್ಕೆ ಹತ್ತು ಜನರಿಗೆ ಲೊಕೇಶನ್ ಕಳಿಸುವವಳು. ಅದನ್ನು ಚೀಲದೊಳಗೆ ಹಾಕಿ, ರಿಕ್ಷಾದ ಹತ್ತಿರ ಬಂದು, ಬಲಗೈ ಚಾಚಿ ದಾರಿ ಹೇಳತೊಡಗಿದಳು: ಇಳಿದ ಕೂಡಲೇ ಎಡಕ್ಕೆ, ಕೆರೆ ದಾಟಿ, ಅಲ್ಲೊಂದು ಮುರಿದ ಗೇಟು ಸಿಗುತ್ತದೆ, ಅದನ್ನು ಎತ್ತಿಯೇ ದೂಡಬೇಕು. ಅವನು ಮಧ್ಯೆ ಬಾಯಿ ಹಾಕದೆ, ಪರೀಕ್ಷೆಗೆ ಕೂರುವವನ ಹಾಗೆ ಕೇಳಿಸಿಕೊಂಡ.