ಉತ್ತರ ಬಾರದಿದ್ದರೆ ಯಾರೂ ಇಲ್ಲವೆಂದಲ್ಲ

ಮೂರನೇ ಏಟಿಗೆ ಬಾಗಿಲಿನ ರಬ್ಬರು ಕಿತ್ತು ಬಂತು. ಸಂದಿಗೆ ಕಬ್ಬಿಣದ ಸಲಾಕೆ ತೂರಿಸಿ ಇಬ್ಬರು ಹಮಾಲರು ಮೈಭಾರವೆಲ್ಲ ಹಾಕಿದರು.

"ಉಸಿರು ಬಿಗಿಹಿಡೀರಿ. ಒಳಗಿನ ಗಾಳಿ ಎಳ್ಕೋಬೇಡಿ," ಹಿಂದಿನಿಂದ ಯಾರೋ ಕೂಗಿದರು.

ಬಾಗಿಲು ತೆರೆಯಿತು. ಸೇಬಿನ ಪೆಟ್ಟಿಗೆಗಳ ಸಾಲಿಗೆ ಒರಗಿ ಒಬ್ಬ ಕುಳಿತಿದ್ದ. ಸುಸ್ತಾಗಿ ಕೂತವನ ಹಾಗೆ. ಹಮಾಲರೆಲ್ಲ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು. ಸತ್ತು ಎರಡು ಗಂಟೆಯಾಗಿತ್ತು.

* * *

ಹಣ್ಣು ಕೆಡದಿರಲೆಂದು ಆ ಶೀತಲ ಗೋದಾಮಿನ ಕೋಣೆಗಳಿಂದ ಆಮ್ಲಜನಕ ತೆಗೆದು ಸಾರಜನಕ ತುಂಬುತ್ತಾರೆ. ಸದ್ದಿಲ್ಲ, ವಾಸನೆಯಿಲ್ಲ. ಒಳಗಿದ್ದವನಿಗೆ ತೂಕಡಿಕೆ ಬರುತ್ತದೆ, ಅಷ್ಟೆ.

ತುಂಬುವುದು ಮನುಷ್ಯರಲ್ಲ, ಎಐ ಏಜೆಂಟ್. ಅದರ ಕೈಯಲ್ಲಿ ಕೆಲವು ಟೂಲ್‌ಗಳಿವೆ. ಒಂದು ಕೋಣೆಯೊಳಗಿನ ತಲೆ ಎಣಿಸುತ್ತದೆ, ಒಂದು ಬಾಗಿಲು ಮುಚ್ಚುತ್ತದೆ, ಒಂದು ಗಾಳಿ ಬದಲಿಸುತ್ತದೆ. ಯಾವುದನ್ನು ಯಾವಾಗ ಬಳಸಬೇಕು, ಯಾವಾಗ ಮುಟ್ಟಬಾರದು ಎಂಬ ವಿವರಣೆಯನ್ನು ಓದಿಕೊಂಡೇ ಅದು ಕೆಲಸ ಮಾಡುವುದು. ಆ ವಿವರಣೆ ಬರೆಯುವವನಿಗೆ ಹಮಾಲರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಯಂತ್ರಕ್ಕೆ ಪಾಠ ಹೇಳುವವನಲ್ಲವೇ.

ದೊಡ್ಡಣ್ಣ ಮೇಷ್ಟ್ರ ಭಾವ. ಸ್ವಂತ ಅಕ್ಕನ ಗಂಡ.

ಇನ್‌ಸ್ಪೆಕ್ಟರಮ್ಮ ಮೂರನೇ ಮಹಡಿಯ ಆಫೀಸಿಗೆ ಹತ್ತಿ ಬಂದರು. ಎರಡೇ ಮೇಜು: ಒಂದು ಮ್ಯಾನೇಜರದು, ಒಂದು ಮೇಷ್ಟ್ರದು. ಕಂಪ್ಯೂಟರ್ ಮಾಡಿದ ಕೊಲೆಗೆ ಯಾರ ಕೈಗೆ ಕೋಳ ಹಾಕುತ್ತೀರಿ ಎಂದು ಮ್ಯಾನೇಜರ್ ಮೊದಲು ಕೇಳಿದ. ಆಮೇಲೆ ದನಿ ತಗ್ಗಿಸಿ ಪರದೆ ತಿರುಗಿಸಿದ. ತಲೆ ಎಣಿಸುವ ಟೂಲ್‌ನ ವಿವರಣೆಯಿಂದ ಒಂದು ವಾಕ್ಯ ಅಳಿಸಿಹೋಗಿತ್ತು: 'ಉತ್ತರ ಬಾರದಿದ್ದರೆ ಯಾರೂ ಇಲ್ಲವೆಂದಲ್ಲ, ಬಾಗಿಲು ಮುಚ್ಚಬೇಡ, ಮ್ಯಾನೇಜರನ್ನು ಕೇಳು.' ಅಳಿಸಿದ್ದು ಸಾವಿಗೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ ಒಂದು ಇಪ್ಪತ್ತೆರಡಕ್ಕೆ. ಮೇಷ್ಟ್ರ ಹೆಸರಿನಲ್ಲಿ.

"ನಾನಲ್ಲ," ಎಂದ ಮೇಷ್ಟ್ರು.

"ಮತ್ತೆ ನಿಮ್ಮ ಹೆಸರು ಅಲ್ಲಿಗೆ ನಡ್ಕೊಂಡು ಹೋಯ್ತಾ?" ಎಂದರು ಇನ್‌ಸ್ಪೆಕ್ಟರಮ್ಮ.

ಅವನು ಸಂಜೆಗೆ ಠಾಣೆಯಲ್ಲಿದ್ದ.

* * *

ಅಕ್ಕನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ತಮ್ಮನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತೇನೆಂದು ಅವಳು ಮೊದಲೇ ಹೇಳಿದಳು. ಇನ್‌ಸ್ಪೆಕ್ಟರಮ್ಮ ಎತ್ತಲಿಲ್ಲ. ಗಂಡನ ಬಗ್ಗೆ ಕೇಳಿದರು. ಆಗ ಅವಳಾಗಿಯೇ ಹೇಳಿಕೊಂಡಳು: ತಮ್ಮ ಹೊಸ ವಿವರಣೆ ಬರೆದಾಗೆಲ್ಲ ಊಟಕ್ಕೆ ಬಂದು ಭಾವನಿಗೆ ಓದಿ ಹೇಳುತ್ತಿದ್ದ. ಆ ಆಟದಲ್ಲಿ ಭಾವನೇ ಯಂತ್ರ. ಓದಿದ್ದನ್ನಷ್ಟೇ ಮಾಡಬೇಕು, ಸ್ವಂತ ಬುದ್ಧಿ ಓಡಿಸುವಂತಿಲ್ಲ. "ನಿನ್ನಷ್ಟು ಒಳ್ಳೇ ಯಂತ್ರ ಸಿಗಲ್ಲ ಭಾವ, ಬುದ್ಧಿ ತೆಗೆಯೋ ಕೆಲಸವೇ ಇಲ್ಲ" ಎಂದು ನಗಿಸುತ್ತಿದ್ದ. ಒಂದು ದಿನ ಯಂತ್ರವೇ ಎದುರು ಪ್ರಶ್ನೆ ಹಾಕಿತು.

"ಎಣಿಸು ಅಂದೆ, ಸರಿ. ಉತ್ತರಾನೇ ಬರ್ಲಿಲ್ಲ ಅಂದ್ರೆ ನಾನೇನಪ್ಪ ಮಾಡ್ಲಿ, ಅಂತ ಕೇಳಿದ್ರು ಇವ್ರು. ಅದಕ್ಕೇ ಆ ಮಾತು ಸೇರಿಸಿದ್ದು. ಇವ್ರ ಮಾತನ್ನೇ ಅಳಿಸಿ ಇವ್ರನ್ನೇ ಕೊಂದ."

ಇನ್‌ಸ್ಪೆಕ್ಟರಮ್ಮ ನೇರವಾಗಿ ಗೋದಾಮಿಗೆ ಹೋದರು. ದೊಡ್ಡಣ್ಣ ಸತ್ತ ನಾಲ್ಕನೇ ಕೋಣೆಯ ಬಾಗಿಲಲ್ಲಿ ದಾರ ಕಟ್ಟಿದ ಪೆನ್ನು, ಒಂದು ರಿಜಿಸ್ಟರ್. ಒಳಹೋಗುವವರು ಸಹಿ ಮಾಡಲೇಬೇಕು. ಏಜೆಂಟಿಗೆ ಕಾಗದ ಓದಲು ಬಾರದು. ಅವರಿಗೆ ಬರುತ್ತಿತ್ತು.

* * *

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಐವರು: ಗೋದಾಮಿನ ಯಜಮಾನರು, ಮ್ಯಾನೇಜರ್, ಮೇಷ್ಟ್ರು, ಅಕ್ಕ, ಇನ್‌ಸ್ಪೆಕ್ಟರಮ್ಮ.

"ಮಂಗಳವಾರ ಒಂದು ಹತ್ತರಿಂದ ಒಂದು ನಲವತ್ತರವರೆಗೆ ಮೇಷ್ಟ್ರು, ದೊಡ್ಡಣ್ಣ ಇಬ್ಬರೂ ನಾಲ್ಕನೇ ಕೋಣೇಲಿದ್ರು. ರಿಜಿಸ್ಟರಲ್ಲಿ ಇಬ್ಬರ ಸಹಿ ಇದೆ," ಎಂದರು ಇನ್‌ಸ್ಪೆಕ್ಟರಮ್ಮ. "ಏನ್ ಮಾಡ್ತಿದ್ರಿ?"

"ತಲೆ ಎಣಿಸೋ ಸೆನ್ಸರ್ ನೋಡ್ತಿದ್ವಿ. ಭಾವ ಒಳಗೆ ನಿಂತ್ರೂ ಅದು ಉತ್ತರ ಕೊಡ್ತಿರ್ಲಿಲ್ಲ."

"ಕಳಿಸಿದ್ದು ಯಾರು?"

ಮೇಷ್ಟ್ರು ತಲೆ ಎತ್ತಿದ. ಮ್ಯಾನೇಜರ್ ಎತ್ತಲಿಲ್ಲ.

ಉಳಿದದ್ದನ್ನು ಇನ್‌ಸ್ಪೆಕ್ಟರಮ್ಮ ಬಿಡಿಸಿ ಹೇಳಿದರು. ಏಜೆಂಟ್ ಮಾಡಿದ ಪ್ರತಿ ಕೆಲಸಕ್ಕೂ ದಾಖಲೆಯಿತ್ತು. ಒಂಬತ್ತು ದಿನ, ದಿನಕ್ಕೆ ಮೂರು ಸಲ, ನಾಲ್ಕನೇ ಕೋಣೆಯಿಂದ ಉತ್ತರ ಬರದೆ ಅದು ಕೆಲಸ ನಿಲ್ಲಿಸಿತ್ತು; 'ಒಳಗೆ ಯಾರಾದರೂ ಇದ್ದಾರೆಯೇ?' ಎಂದು ಕೇಳಿತ್ತು. ಪ್ರಶ್ನೆ ಹೋಗುತ್ತಿದ್ದದ್ದು ಒಂದೇ ಫೋನಿಗೆ. ಮಂಗಳವಾರ ಒಂದು ಇಪ್ಪತ್ತೆರಡರ ನಂತರ ಒಂದು ಪ್ರಶ್ನೆಯೂ ಇಲ್ಲ. ಮೇಷ್ಟ್ರ ಕಂಪ್ಯೂಟರ್ ತೆರೆದೇ ಇತ್ತು. ಪಕ್ಕದ ಮೇಜಿನಿಂದ ಎರಡು ಹೆಜ್ಜೆ.

"ಪ್ರತಿ ಸಲ ಮೂರು ಮಹಡಿ ಇಳಿದು ಇಣುಕಬೇಕಿತ್ತು," ಎಂದ ಮ್ಯಾನೇಜರ್. "ಇಣುಕಿದಾಗೆಲ್ಲ ಖಾಲಿ ಇರ್ತಿತ್ತು. ಎಷ್ಟಂತ ಇಳೀಲಿ?"

ಅಕ್ಕ ಮ್ಯಾನೇಜರನತ್ತ ತಿರುಗಿದಳು.

"ಇಪ್ಪತ್ತೇಳು ಸಲ ಕೇಳ್ತಾ ಅದು?"



ಪೇದೆ ಮ್ಯಾನೇಜರನ್ನು ಕರೆದೊಯ್ದ. ಖಾಲಿಯಾದ ಕುರ್ಚಿಯನ್ನು ಯಜಮಾನರು ಮೇಷ್ಟ್ರ ಕಡೆ ಎಳೆದರು.

"ಆದದ್ದು ಆಗ್ಹೋಯ್ತಪ್ಪ. ಇನ್ಮೇಲೆ ಇದು ನಿನ್ನ ಜಾಗ. ಹಣ್ಣು ಹೊರಗೆ ಕೊಳೀತಿದೆ, ಇವತ್ತೇ ಕೋಣೆ ಶುರುವಾಗ್ಬೇಕು. ಆ ವಾಕ್ಯ ವಾಪಸ್ ಬರೆದುಬಿಡು."

"ಸೆನ್ಸರ್?"

"ಬರೋಕೆ ಎರಡು ತಿಂಗಳು. ಅಲ್ಲೀವರೆಗೂ ನಿನ್ನ ವಾಕ್ಯ ಸಾಕಲ್ಲ."

ಮೇಷ್ಟ್ರು ಅಕ್ಕನತ್ತ ನೋಡಿದ. ಅವಳು ಕಿಟಕಿಯತ್ತ ನೋಡುತ್ತಿದ್ದಳು.

"ಬರೆಯಲ್ಲ," ಎಂದ. "ಸೆನ್ಸರ್ ಬರೋವರೆಗೂ ಆ ಕೋಣೆ ಶುರುವಾಗಲ್ಲ."